ಮೂರರಲ್ಲಿ ಎರಡು ಪಾಲು

ಕಲ್ಲೇಶಪ್ಪ ಮೇಸ್ತ್ರಿ ಆಡಿದ ಮಾತಿನ ಅರ್ಧವನ್ನು ನಾನು ಅಚ್ಚು ಹಾಕಿಸಿದೆ, ಉಳಿದರ್ಧವನ್ನು ಬೇಕೆಂದೇ ಬಿಟ್ಟೆ. ಮುಂದೆ ಒಂದು ದಿನ, ಅವರ ತಪ್ಪಿಲ್ಲ ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ ರಸ್ತೆಬದಿಯಲ್ಲಿ ನನಗೆ ಸಿಕ್ಕಿತು. ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ, ಯಾರಿಗೂ ಹೇಳಲಿಲ್ಲ. ಇಪ್ಪತ್ತು ವರ್ಷ ಅದು ಬೀರೂರಿನ ನನ್ನ ಮನೆಯ ಮೇಜಿನ ಮೇಲೆ ಇತ್ತು — ಕಾಗದ ಹಾರದ ಹಾಗೆ ಇಡುವ ಭಾರವಾಗಿ.

ನಾನು ಪತ್ರಿಕೆಯ ವರದಿಗಾರನಾಗಿದ್ದವನು. ಕಡೂರು, ತರೀಕೆರೆ, ಅಜ್ಜಂಪುರ ನನ್ನ ವ್ಯಾಪ್ತಿ. ಅಜ್ಜಂಪುರ ಆಗಿನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಯಾರಿಂದ ಕೇಳಿದೆ ಎಂದು ಹೇಳಿ ಬರೆಯಬೇಕು ಎಂಬ ಶಿಸ್ತನ್ನು ನನಗೆ ಕಲಿಸಿದವರು ಚೆನ್ನಾಗಿ ಕಲಿಸಿದ್ದರು. ಅಷ್ಟೂ ವರ್ಷಗಳಲ್ಲಿ ನನ್ನ ಒಂದು ವರದಿಗೂ ಪತ್ರಿಕೆ ತಿದ್ದುಪಡಿ ಹಾಕಬೇಕಾಗಿ ಬರಲಿಲ್ಲ. ಅದರ ಹೆಮ್ಮೆ ನನಗಿತ್ತು. ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಆ ಹೆಮ್ಮೆಯನ್ನು ಉಳಿಸಿಕೊಳ್ಳಲು ಏನು ಮಾಡಿದೆ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಲ್ಲೇಶಪ್ಪ ಒಂದು ಖಾಸಗಿ ಬಸ್ ಸರ್ವಿಸ್‌ನಲ್ಲಿ ಮೆಕ್ಯಾನಿಕ್. ಸರ್ವಿಸ್‌ನ ಹೆಸರು ಬೇಡ. ಅದು ನಿಂತು ಎಷ್ಟೋ ಕಾಲವಾಯಿತು. ಮೂರು ಬಸ್ಸುಗಳಿದ್ದವು. ಎರಡು ಬಸ್ಸು ಶಿವನಿಯಿಂದ ಅಜ್ಜಂಪುರ, ಬೀರೂರಿನ ಮೇಲೆ ಕಡೂರಿಗೆ ಓಡುತ್ತಿದ್ದವು. ಒಂದು ಅಜ್ಜಂಪುರದಿಂದ ತರೀಕೆರೆ ದಾಟಿ ಲಕ್ಕವಳ್ಳಿಗೆ. ಅವರು ಅಲ್ಲಿದ್ದಷ್ಟು ದಿನ ಆ ಬಸ್ಸುಗಳಲ್ಲಿ ಒಂದಾದರೂ ಜನರನ್ನು ತುಂಬಿಕೊಂಡು ದಾರಿಯಲ್ಲಿ ಕೆಟ್ಟು ನಿಂತದ್ದನ್ನು ನಾನು ಕಂಡಿಲ್ಲ, ಕಂಡವರನ್ನೂ ಕಂಡಿಲ್ಲ. ಇದನ್ನು ಆಗ ಒಮ್ಮೆಯೂ ಬರೆಯಲಿಲ್ಲ. ಕೆಡದ ಬಸ್ಸು ಸುದ್ದಿಯಲ್ಲ — ನಮ್ಮ ಕಸುಬು ಹಾಗೆ.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಬಸ್ಸಿಗೆ ಯಾವುದೇ ಹೊಸ ಸಾಮಾನು ಹಾಕುವ ಮೊದಲು ಅದರ ಮೈಮೇಲೆ ಅಂಕಿಯ ಪಂಚಿನಿಂದ ಎರಡು ಗುರುತು ಹೊಡೆಯುತ್ತಿದ್ದರು. ಮೇಲಿನದು ಹಾಕಿದ ತಿಂಗಳು, ಕೆಳಗಿನದು ತೆಗೆಯಬೇಕಾದ ತಿಂಗಳು. ಕೆಳಗಿನ ತಿಂಗಳು ಬಂತೆಂದರೆ ಮುಗಿಯಿತು. ಆ ಸಾಮಾನು ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಬಸ್ಸು ಅಂದು ಗ್ಯಾರೇಜು ಬಿಟ್ಟು ಹೊರಡುತ್ತಿರಲಿಲ್ಲ. 'ಇವನಿಗೆ ಪಿಂಚಣಿ ಆಯ್ತು' ಎಂದು ಹೇಳಿ ಬಿಚ್ಚುತ್ತಿದ್ದರು.

ಜನರಿಗೆ ಸಿಟ್ಟು ಬರುತ್ತಿದ್ದುದು ಇದಕ್ಕೇ. ಬಿಡಿಭಾಗ ಹಾಸನದಿಂದಲೋ ಶಿವಮೊಗ್ಗದಿಂದಲೋ ಬರುವುದು ತಡವಾದರೆ ಬಸ್ಸು ಒಂದು ದಿನ, ಎರಡು ದಿನ ನಿಂತೇ ಇರುತ್ತಿತ್ತು. ತರೀಕೆರೆ ಕಾಲೇಜಿನ ಹುಡುಗಿಯರು, ಸಂತೆಗೆ ಹೊರಟವರು, ಆಸ್ಪತ್ರೆಗೆ ಹೋಗಬೇಕಾದವರು ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಲಕ್ಕವಳ್ಳಿಯ ಬಸ್ಸು ಹಾಗೆ ನಿಂತ ಒಂದು ಬೆಳಿಗ್ಗೆ ನಾನೂ ಅವರ ಜೊತೆಗಿದ್ದೆ. ಒಬ್ಬ ಹೆಂಗಸು ನನ್ನ ಹೆಗಲಿನ ಚೀಲ ನೋಡಿ, 'ಪೇಪರ್ನೋರು ತಾನೆ ನೀವು? ಕೆಟ್ಟಿರೋ ಬಸ್ ನಿಲ್ಸಿದ್ರೆ ಒಪ್ಕೋಬೋದು. ನೆಟ್ಟಗಿರೋ ಬಸ್ಸನ್ನ ನಿಲ್ಸಿ ಪೂಜೆ ಮಾಡ್ತಾನಾ ಅವ್ನು? ಬರೀರಿ ಅದ್ನ' ಎಂದರು. ನ್ಯಾಯವಾದ ಮಾತು ಎನಿಸಿತು. ನೇರ ಗ್ಯಾರೇಜಿಗೆ ಹೋದೆ.

ಕಲ್ಲೇಶಪ್ಪ ಆ ಬಸ್ಸಿನ ಮುಂದಿನ ಚಕ್ರದ ಬಳಿ ಕೂತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಆಗ ನಲವತ್ತರ ಆಸುಪಾಸು. ಕಾಲ ಬಳಿ ಒಂದು ಹಳೆಯ ಬಾಲ್ ಜಾಯಿಂಟ್ ಬಿದ್ದಿತ್ತು, ಕೈಯಲ್ಲಿ ಹೊಸದು. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಹಿಡಿದಿಡುವ ಕೀಲು ಅದು: ಮುಷ್ಟಿ ಗಾತ್ರದ ಕಬ್ಬಿಣದ ಬಟ್ಟಲು, ಅದರೊಳಗೆ ತಿರುಗುವ ಒಂದು ಗುಂಡು, ಗುಂಡಿನ ಕಾಲನ್ನು ಬಿಗಿಯುವ ನಟ್ಟು, ನಟ್ಟು ಬಿಚ್ಚದಂತೆ ಒಂದು ಪಿನ್ನು. ಹಳೆಯದನ್ನು ಎತ್ತಿಕೊಂಡು ಗುಂಡನ್ನು ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿಯೇ ಇತ್ತು.

'ಇದರಲ್ಲಿ ಏನು ಕೆಟ್ಟಿದೆ?' ಎಂದು ಕೇಳಿದೆ.

'ಏನೂ ಕೆಟ್ಟಿಲ್ಲ,' ಎಂದರು ಕಲ್ಲೇಶಪ್ಪ.

ನನಗೆ ತಲೆಬರಹ ಸಿಕ್ಕಿತು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹೊಸ ಬಟ್ಟಲನ್ನು ತಿರುಗಿಸಿ, ಬಲ ಬೀಳದ ಒಂದು ಮೂಲೆ ಹುಡುಕಿ, ಅಲ್ಲಿ ಅಂಕಿ ಹೊಡೆಯುತ್ತಾ ಹೇಳುತ್ತಲೇ ಹೋದರು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಆ ನೋಟ್‌ಬುಕ್ ಈಗಲೂ ಇದೆ, ನೋಡಿಯೇ ಬರೆಯುತ್ತಿದ್ದೇನೆ:

'ಏನೂ ಕೆಟ್ಟಿಲ್ಲ. ಕೆಟ್ಟ ಮೇಲೆ ಬಿಚ್ಚೋದಾದ್ರೆ ನಾನ್ಯಾಕೆ ಬೇಕು ಸ್ವಾಮಿ, ಅದೇ ಬಿಚ್ಕೊಳ್ತದೆ — ರಸ್ತೆ ಮೇಲೆ. ಕಂಪ್ನಿ ಬುಕ್ಕಲ್ಲಿ ಇದಕ್ಕೆ ಇಷ್ಟು ಅಂತ ಆಯಸ್ಸು ಕೊಟ್ಟವ್ರೆ. ಬುಕ್ ಬರೆದೋರು ನಮ್ ಟಾಪ್ ಮೇಲೆ ಹೇರೋ ತೆಂಗಿನಕಾಯಿ ಮೂಟೆ ನೋಡವ್ರಾ? ಕಡೂರು ರಸ್ತೇಲಿ ಎರಡು ವರ್ಷ ಬರೋ ಸಾಮಾನು ಲಕ್ಕವಳ್ಳಿ ತಿರುವಲ್ಲಿ ಬರಲ್ಲ. ಈ ಬಸ್ಸಿಗೆ, ಈ ರಸ್ತೆಗೆ, ನನ್ ಲೆಕ್ಕದಲ್ಲಿ ಇಪ್ಪತ್ತೊಂದು ತಿಂಗಳು. ನಾನು ಹೊಡೆಯೋದು ಹದ್ನಾಲ್ಕು. ಮೂರರಲ್ಲಿ ಎರಡು ಪಾಲು ಓಡ್ಸ್ಬೇಕು, ಒಂದು ಪಾಲು ಕೂತಿರೋ ಜನಕ್ಕೆ ಬಿಟ್ಬಿಡ್ಬೇಕು. ಅದು ಅವ್ರದ್ದು. ಅದನ್ನ ನಾವು ತಿನ್ಬಾರ್ದು.'

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹಾಲೇಶ — ಶಿವನಿಯವನು, ಕಲ್ಲೇಶಪ್ಪನ ಜೊತೆ ದಿನಾ ಒಂದೇ ಬುತ್ತಿ ಬಿಚ್ಚುತ್ತಿದ್ದವನು — ನಕ್ಕು ಹೇಳಿದ: 'ಹಂಗಾದ್ರೆ ನಮ್ ಮೇಸ್ತ್ರಿಗೂ ಒಂದ್ ನಂಬರ್ ಹೊಡೀಬೇಕು ಕಣ್ರೀ. ಯಾವ್ ತಿಂಗ್ಳಿಗೆ ಬಿಚ್ಬೇಕು ಅಂತ.'

'ನಿನ್ ಬಾಯಿಗೆ ಮೊದ್ಲು ಹೊಡೀತೀನಿ ತಡಿ ಲೇ. ಅದಕ್ಕೆ ಆಯಸ್ಸು ಜಾಸ್ತಿ ಆಗೋಗೈತೆ,' ಎಂದರು ಕಲ್ಲೇಶಪ್ಪ.

ಅಂದು ಸಂಜೆ ವರದಿ ಬರೆಯಲು ಕೂತೆ. 'ಏನೂ ಕೆಟ್ಟಿಲ್ಲ' ಎಂಬ ಎರಡು ಪದವನ್ನು ಅವರ ಹೆಸರಿನೊಂದಿಗೆ ತಲೆಬರಹಕ್ಕೆ ಇಟ್ಟೆ. ಕಾಯುತ್ತಿದ್ದವರ ಮಾತು ಹಾಕಿದೆ, ಎಷ್ಟು ಹೊತ್ತು ಕಾದರು ಎಂದು ಹಾಕಿದೆ, ಕೈಯಿಂದ ಅಲ್ಲಾಡಿಸಿದರೂ ಅಲ್ಲಾಡದ ಬಾಲ್ ಜಾಯಿಂಟಿನ ಚಿತ್ರ ಹಾಕಿದೆ. ಮುಂದಿನ ಮಾತುಗಳನ್ನೂ ಒಮ್ಮೆ ಬರೆದೆ. ಬರೆದು ಓದಿದರೆ — ವರದಿಯೇ ಇರಲಿಲ್ಲ. ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವ ಒಬ್ಬ ಮನುಷ್ಯ ಇದ್ದ, ಅಷ್ಟೆ. ಆ ಪ್ಯಾರಾಕ್ಕೆ ಗೀಟು ಎಳೆದೆ. ಜಾಗದ ಕೊರತೆ ಇರಲಿಲ್ಲ, ಕಚೇರಿಯಲ್ಲಿ ಯಾರೂ ಕತ್ತರಿಸಲಿಲ್ಲ. ಎಳೆದವನು ನಾನು. ಉಳಿದ ಪ್ರತಿಯೊಂದು ವಾಕ್ಯವೂ ನಿಜವಾಗಿತ್ತು.

ವರದಿ ಬಂದ ಬೆಳಿಗ್ಗೆ ಬಸ್ ಮಾಲೀಕರು ಕಲ್ಲೇಶಪ್ಪನನ್ನು ಕರೆದು ಪತ್ರಿಕೆಯನ್ನು ಮುಂದಿಟ್ಟು, 'ರಿಪೇರಿ ನೀವು ಮಾಡಿ, ಬಸ್ ಯಾವಾಗ ನಿಲ್ಲಬೇಕು ಅನ್ನೋದನ್ನ ಇನ್ನು ಮೇಲೆ ನಾನು ಹೇಳ್ತೀನಿ' ಎಂದರಂತೆ. ಕಲ್ಲೇಶಪ್ಪ ಪಂಚಿನ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋದರಂತೆ. ಇದು ನಾನು ಕಂಡದ್ದಲ್ಲ, ಹಾಲೇಶ ಹೇಳಿದ್ದು. ನನಗೆ ಜನ ಸ್ಟ್ಯಾಂಡಿನಲ್ಲಿ ಕಾಫಿ ಕೊಡಿಸಿದರು. ಕುಡಿದೆ.

ಆಮೇಲೆ ಬಸ್ಸುಗಳು ದಿನಾ ಹೊರಟವು. ಹೊಸ ಮೆಕ್ಯಾನಿಕ್ ಬಂದ, ಕೆಟ್ಟದ್ದನ್ನು ರಿಪೇರಿ ಮಾಡಿದ, ಕೆಡದೆ ಇದ್ದದ್ದನ್ನು ಮುಟ್ಟಲಿಲ್ಲ. ಒಂದು ವರ್ಷ ಕಳೆದು, ಮತ್ತೊಂದು ವರ್ಷ ಇನ್ನೇನು ತುಂಬುತ್ತದೆ ಎನ್ನುವಾಗ, ತರೀಕೆರೆಯಿಂದ ಲಕ್ಕವಳ್ಳಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಆ ಬಸ್ಸು ತಿರುಗಲಿಲ್ಲ. ಡ್ರೈವರ್ ಸ್ಟಿಯರಿಂಗ್ ತಿರುಗಿಸಿದ. ಒಂದು ಚಕ್ರ ತಿರುಗಿತು, ಇನ್ನೊಂದು ನೇರ ಹೋಯಿತು. ಬಸ್ಸು ರಸ್ತೆಯ ಏರಿಯಿಂದ ಕೆಳಗಿಳಿದು, ಹೊಸದಾಗಿ ನಾಟಿ ಮಾಡಿದ್ದ ಗದ್ದೆಗೆ ನುಗ್ಗಿ, ಕೆಸರಿನಲ್ಲಿ ಹೂತು ನಿಂತಿತು. ಆ ಕೆಸರು ತಡೆದಿದ್ದರಿಂದ ಯಾರೂ ಸಾಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಾಲೇಶ ಮಾತ್ರ ಹೊರಗೆ ಬಿದ್ದ. ಅವನ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿದಿತ್ತು; ಕೂಡಿಕೊಂಡರೂ ನೆಟ್ಟಗೆ ಕೂಡಿಕೊಳ್ಳಲಿಲ್ಲ. ಅವನು ಮತ್ತೆ ಕಂಡಕ್ಟರ್ ಕೆಲಸ ಮಾಡಲಿಲ್ಲ.

ನಾನು ಸಂಜೆಯವರೆಗೂ ಅಲ್ಲಿಯೇ ಇದ್ದೆ. ಪೊಲೀಸರೂ ಉಳಿದವರೂ ನೋಡಿ ಹೋದ ಮೇಲೆ ಟ್ರಾಕ್ಟರ್ ಕಟ್ಟಿ ಬಸ್ಸನ್ನು ಎಳೆದರು. ಓಡಿಸಿಕೊಂಡು ಹೋಗಲು ಬೇಕಾಗಿ ಹೊಸ ಮೆಕ್ಯಾನಿಕ್ ಅಲ್ಲಿಯೇ ಬಾಲ್ ಜಾಯಿಂಟ್ ಬದಲಾಯಿಸಿ, ಹಳೆಯ ಬಟ್ಟಲನ್ನು ಹುಲ್ಲಿಗೆ ಎಸೆದ. ನನಗೆ ಹೇಳಿದ: 'ಸ್ಟಿಯರಿಂಗ್ ಕಡೆ ನಾನು ಕೈಯೇ ಹಾಕಿಲ್ಲ ಸಾರ್. ಅದು ಹಳೇ ಮೇಸ್ತ್ರಿ ಕಟ್ಟಿದ್ದು.' ಬರೆದುಕೊಂಡೆ. ಅವನು ಅತ್ತ ಹೋದ ಮೇಲೆ ಹುಲ್ಲಿನಿಂದ ಬಟ್ಟಲನ್ನು ಎತ್ತಿಕೊಂಡು ಪಂಚೆಯ ಅಂಚಿನಿಂದ ಒರೆಸಿದೆ. ಒಳಗೆ ಗುಂಡು ಇರಲಿಲ್ಲ. ಹೊರಗೆ, ಬಲ ಬೀಳದ ಆ ಮೂಲೆಯಲ್ಲಿ, ಎರಡು ಗುರುತು. ನನ್ನ ಎದುರಿಗೇ ಹೊಡೆದದ್ದು. ಕೆಳಗಿನ ತಿಂಗಳು ಮುಗಿದು ಏಳು ತಿಂಗಳಾಗಿತ್ತು.

ಮರುದಿನದ ವರದಿಯಲ್ಲಿ ಹೀಗಿತ್ತು: 'ಹಿಂದಿನ ಮೆಕ್ಯಾನಿಕ್ ಅಳವಡಿಸಿದ್ದ ಸ್ಟಿಯರಿಂಗ್ ಭಾಗ ಕಳಚಿ ಅವಘಡ ಸಂಭವಿಸಿದೆ ಎಂದು ಸರ್ವಿಸ್‌ನ ಮೆಕ್ಯಾನಿಕ್ ತಿಳಿಸಿದ್ದಾರೆ.' ಇದೂ ನಿಜ. ಯಾರು ಹೇಳಿದರು ಎಂಬುದನ್ನೂ ಹೇಳಿದ್ದೇನೆ. ಗುರುತಿನ ವಿಷಯ ಬರೆದಿದ್ದರೆ, ಹಾಗಾದರೆ ಅದನ್ನು ಯಾಕೆ ತೆಗೆಯಲಿಲ್ಲ, ತೆಗೆಯುವವನು ಎಲ್ಲಿ ಹೋದ, ಯಾರಿಂದ ಹೋದ — ಒಂದರ ಹಿಂದೆ ಒಂದು ಪ್ರಶ್ನೆ ಬಂದು ಕೊನೆಯದು ನನ್ನ ಬಾಗಿಲಿಗೆ ಬರುತ್ತಿತ್ತು. ನನಗೆ ಅದು ಅಲ್ಲಿಯೇ, ಆ ಗದ್ದೆಯ ಬದುವಿನ ಮೇಲೆ ನಿಂತಾಗಲೇ ಗೊತ್ತಿತ್ತು.

ಕಲ್ಲೇಶಪ್ಪನ ಹೆಸರು ಹೋಯಿತು. ಬೇರೆ ಬಸ್ಸಿನವರು ಯಾರೂ ಕರೆಯಲಿಲ್ಲ. ಹಾಲೇಶ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದ ಕಲ್ಲೇಶಪ್ಪನನ್ನು ಅವನ ಮನೆಯವರು ಬಾಗಿಲಿನಿಂದಲೇ ಕಳಿಸಿದರು ಎಂದು ಕೇಳಿದೆ. ಅಜ್ಜಂಪುರದ ಪೇಟೆ ಬೀದಿಯ ಕೊನೆಯಲ್ಲಿ ಹೊಲಿಗೆ ಮಿಷನ್, ಔಷಧಿ ಹೊಡೆಯುವ ಪಂಪು ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟುಕೊಂಡರು. ನಾನು ಆ ಬೀದಿಯ ಕೊನೆಗೆ ಹೋಗುವುದನ್ನು ಬಿಟ್ಟೆ.

ಇಪ್ಪತ್ತು ವರ್ಷದ ಮೇಲೆ ನನಗೂ ನಿವೃತ್ತಿಯಾಯಿತು. ಕಡೂರಿನಲ್ಲಿ ಗೆಳೆಯರು ಶಾಲು ಹೊದಿಸಿ ಒಂದು ಮಾನಪತ್ರ ಓದಿದರು. 'ತಿದ್ದುಪಡಿ ಕಾಣದ ವರದಿಗಾರ' ಎಂದಿತ್ತು ಅದರಲ್ಲಿ. ಕೇಳಿ ಸಂತೋಷವಾಯಿತು — ಅದನ್ನೂ ಹೇಳಬೇಕು. ಮಧ್ಯಾಹ್ನ ಮನೆಗೆ ಬಂದು ಮಾನಪತ್ರವನ್ನು ಮೇಜಿನ ಮೇಲೆ ಹರಡಿದೆ. ಫ್ಯಾನಿನ ಗಾಳಿಗೆ ಮೂಲೆ ಏಳುತ್ತಿತ್ತು. ಅಭ್ಯಾಸಬಲದಿಂದ ಬಟ್ಟಲನ್ನು ಎತ್ತಿ ಅದರ ಮೇಲಿಟ್ಟೆ. ಆ ಎರಡು ಅಂಕಿ ಸರಿಯಾಗಿ ಆ ಸಾಲಿನ ಪಕ್ಕಕ್ಕೆ ಬಂದು ಕೂತವು.

ಮರುದಿನ ಬೆಳಗಿನ ರೈಲಿಗೆ ಅಜ್ಜಂಪುರಕ್ಕೆ ಹೋದೆ.

ಅಂಗಡಿಯ ಮುಂದೆ ಒಬ್ಬ ಹೆಂಗಸು ಹೊಲಿಗೆ ಮಿಷನ್ ತಲೆಯನ್ನು ತೆಗೆದುಕೊಂಡು ಹೋಗಲು ನಿಂತಿದ್ದರು. ಕಲ್ಲೇಶಪ್ಪ ಕನ್ನಡಕ ಏರಿಸಿ, ಒಳಗಿನ ಒಂದು ಉಂಗುರದಂಥ ಸಣ್ಣ ಬುಷ್‌ಗೆ ಗುರುತು ಹೊಡೆದು ಕೂಡಿಸುತ್ತಿದ್ದರು. 'ನಮ್ ಮೇಸ್ತ್ರಿ ಮಿಷನ್ನಿಗೆಲ್ಲ ಜಾತಕ ಬರೀತಾರೆ ಕಣ್ರೀ,' ಎಂದು ಆಕೆ ನನ್ನ ಕಡೆ ತಿರುಗಿ ಹೇಳಿದರು, ಏನೋ ತಮ್ಮ ಮನೆಯ ಹೆಚ್ಚುಗಾರಿಕೆಯೆಂಬಂತೆ. 'ಇವ್ರು ಹೇಳಿದ್ ತಿಂಗ್ಳಿಗೆ ತಂದ್ರೆ ಸೂಜಿ ಮುರಿಯೋ ಮಾತೇ ಇಲ್ಲ.'

ಆಕೆ ಹೋದ ಮೇಲೆ ನಾನು ಯಾರೆಂದು ಹೇಳಬೇಕಾಗಲಿಲ್ಲ. ಒಳಗೆ ಡಬ್ಬಿಗಳನ್ನು ಒರೆಸುತ್ತಿದ್ದ ಅವರ ಹೆಂಡತಿ ಗಂಗಮ್ಮನಿಗೂ ಗುರುತು ಸಿಕ್ಕಿತು. ಅವರು ಒರೆಸುವುದನ್ನು ನಿಲ್ಲಿಸಿದರು. ದಾರಿಯಲ್ಲಿ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಹೋದವು. ಚೀಲದಿಂದ ಬಟ್ಟಲು ತೆಗೆದು ಕಲ್ಲೇಶಪ್ಪನ ಮುಂದಿಟ್ಟೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಎಷ್ಟು ದಿನದಿಂದ ಇಟ್ಟುಕೊಂಡಿದ್ದೇನೆ ಎಂದು ಹೇಳಿದೆ. ಬರೆಯದೆ ಬಿಟ್ಟ ಮಾತುಗಳನ್ನು ನೋಟ್‌ಬುಕ್ ತೆರೆದು ಓದಿದೆ.

ಕಲ್ಲೇಶಪ್ಪ ನನ್ನ ಮುಖ ನೋಡಲಿಲ್ಲ. ಬಟ್ಟಲನ್ನು ಬೆಳಕಿಗೆ ಹಿಡಿದು ಉಗುರಿನಿಂದ ಅಂಕಿಗಳ ಧೂಳು ತೆಗೆದರು. ಆಮೇಲೆ ಒಳಗೆ ಬೆರಳು ಹಾಕಿ ಅಂಚನ್ನು ಸುತ್ತಲೂ ಸವರಿದರು. ಎರಡನೆಯ ಸಲ ಸವರಿದರು.

'ಗುಂಡು ಎಲ್ಲಿ?' ಎಂದು ಕೇಳಿದರು.

'ನನಗೆ ಸಿಕ್ಕಾಗ ಇರಲಿಲ್ಲ.'

'ಇರ್ಲಿಲ್ಲ?'

'ಇರಲಿಲ್ಲ.'

'ನಟ್ ಬಿಚ್ಚಿ ಬಿದ್ದಿದ್ರೆ ಗುಂಡು ಇದ್ರೊಳಗೇ ಇರೋದು. ಪಿನ್ ಹಾಕದೆ ಬಿಟ್ಟಿದ್ರೆ ಹಂಗಾಗೋದು,' ಎಂದರು, ನನಗಲ್ಲ, ಬಟ್ಟಲಿಗೆ. 'ಇದು ಅಂಚು ಸವೆದು ಗುಂಡು ಆಚೆ ಬಂದಿರೋದು. ಆಯಸ್ಸು ಮುಗ್ದು ಹೋಗಿರೋದು.' ತಿಂಗಳುಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿದರು. 'ಇಪ್ಪತ್ತೊಂದು. ಹದ್ನಾಲ್ಕು ಹೊಡೆದಿದ್ದೆ, ಇಪ್ಪತ್ತೊಂದು ಬಂದೈತೆ.' ತಲೆ ಎತ್ತಿ ಹೆಂಡತಿಯ ಕಡೆ ತಿರುಗಿದರು. 'ಗಂಗಾ, ಪಿನ್ ಹಾಕಿದ್ದೆ ಕಣೇ. ನಂದು ಸರಿ ಇತ್ತು.'

ಅಂದು ನಾನು ಏನು ಮಾಡಿದ್ದೆ ಎಂಬುದು ನನಗೆ ಆ ಮಾತಿನಲ್ಲಿ ತಿಳಿಯಿತು. ಊರಿನವರು ಅವರನ್ನು ಅನುಮಾನಿಸಿದರು ಎಂದುಕೊಂಡಿದ್ದೆ. ಅವರೇ ತಮ್ಮನ್ನು ಅನುಮಾನಿಸಿದ್ದರು. ಆ ದಿನ ಜನ ಕಾಯುತ್ತಿದ್ದರು, ಪೇಪರಿನವನು ಎದುರಿಗೆ ನಿಂತು ಮಾತಾಡಿಸುತ್ತಿದ್ದ. ಆ ಗಡಿಬಿಡಿಯಲ್ಲಿ ನಟ್ಟಿನ ಪಿನ್ ಹಾಕಿ ಬಗ್ಗಿಸಿದೆನೋ, ಮರೆತೆನೋ? ಇಪ್ಪತ್ತು ವರ್ಷ ಅದನ್ನೇ ನೆನೆಸಿ ನೆನೆಸಿ ನೋಡಿದ್ದರಂತೆ, ಒಂದು ದಿನ ಹಾಕಿದ ಹಾಗೆ, ಇನ್ನೊಂದು ದಿನ ಹಾಕದ ಹಾಗೆ ಕಾಣುತ್ತಿತ್ತಂತೆ. ಅದಕ್ಕೇ ಮತ್ತೆ ಜನ ಕೂರುವ ಯಾವ ಗಾಡಿಯನ್ನೂ ಮುಟ್ಟಲಿಲ್ಲವಂತೆ. ಯಾರೂ ಕರೆಯಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ತಪ್ಪು. ಶಿವಮೊಗ್ಗದಿಂದ ಒಬ್ಬರು ಎರಡು ಸಲ ಬಂದು ಕರೆದಿದ್ದರು. ಹೋಗದಿದ್ದವರು ಇವರೇ. ಇದನ್ನು ಹೇಳಿದವರು ಗಂಗಮ್ಮ.

'ಇಪ್ಪತ್ತು ವರ್ಷ ಇದನ್ನ ಇಟ್ಕೊಂಡು ಏನ್ ಮಾಡಿದ್ರಿ ಸ್ವಾಮಿ?' ಎಂದೂ ಕೇಳಿದರು ಅವರು.

'ಕಾಗದದ ಮೇಲೆ ಇಟ್ಟಿದ್ದೆ. ಹಾರದ ಹಾಗೆ.'

'ಸರಿಹೋಯ್ತು. ನಮ್ ಯಜಮಾನ್ರ ಮಾನ ಹಾರಿ ಹೋದ್ರೂ ನಿಮ್ ಕಾಗ್ದ ಹಾರ್ಬಾರ್ದು.' ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಲೋಟ ಕಾಫಿ ತಂದು ಗಂಡನಿಗೊಂದು ಕೊಟ್ಟು, ಇನ್ನೊಂದನ್ನು ತಾವೇ ಕುಡಿದರು. ನನಗೆ ಕೊಡದಿದ್ದುದು ಸರಿಯಾಗಿಯೇ ಇತ್ತು.

ಕ್ಷಮೆ ಕೇಳಿದೆ. ಕಲ್ಲೇಶಪ್ಪ ಕೇಳಿದ್ದು ಬೇರೆ:

'ಹಾಲೇಶಂಗೆ ಹೇಳಿದ್ರಾ?'

'ಇಲ್ಲ.'

'ಅವ್ನು ನನ್ ಜೊತೆ ಮಾತಾಡಿ ಇಪ್ಪತ್ತು ವರ್ಷ ಆಯ್ತು. ರೈಲ್ ಸ್ಟೇಷನ್ನಲ್ಲಿ ಕಂಡ್ರೆ ಆ ಕಾಲೆಳ್ಕೊಂಡು ಆಚೆ ಬದಿಗೆ ಹೋಗ್ತಾನೆ.' ಬಟ್ಟಲನ್ನು ಬಟ್ಟೆಯಲ್ಲಿ ಎಣ್ಣೆ ಹಚ್ಚಿ ಒರೆಸಿದರು, ಸುತ್ತಿ ನನ್ನ ಕೈಗೇ ಕೊಟ್ಟರು. 'ಇದನ್ನ ಅವ್ನಿಗೆ ತೋರ್ಸಿ. ಒಳಗೆ ಬೆರಳು ಹಾಕಿ ನೋಡು ಅನ್ನಿ, ಗೊತ್ತಾಗ್ತದೆ ಅವ್ನಿಗೆ. ಆಮೇಲೆ ವಾಪಸ್ ತಂದ್ಕೊಡಿ. ಇದು ನಂದು.'

ಬೀದಿಯ ತಿರುವಿನವರೆಗೂ ಬಂದು ಹಿಂದಿರುಗಿ ನೋಡಿದೆ. ಅವರು ಅಂಗಡಿಯ ಮುಂದೆ ನಿಂತಿದ್ದರು, ಬೆನ್ನು ನೆಟ್ಟಗಿತ್ತು. ನಮ್ಮ ಮೂರು ತಾಲ್ಲೂಕಿನಲ್ಲಿ ಅಂಥ ಕೆಲಸಗಾರ ಒಬ್ಬ ಇದ್ದ, ಇದ್ದಾನೆ. ಕಬ್ಬಿಣದ ಒಂದು ಬಟ್ಟಲನ್ನು ಕೈಯಲ್ಲಿ ಹಿಡಿದು, ರಸ್ತೆಯನ್ನೂ ಮೂಟೆಯನ್ನೂ ತಿರುವನ್ನೂ ಲೆಕ್ಕ ಹಾಕಿ, ಇದು ಇಷ್ಟೇ ತಿಂಗಳು ಎಂದು ಹೇಳಿದ. ತಿಂಗಳಿಗೆ ತಿಂಗಳು ಸರಿಯಾಗಿ ಅಷ್ಟೇ ಬಂತು. ಇಷ್ಟು ವರ್ಷ ವರದಿ ಬರೆದ ನಾನು ಕಣ್ಣಾರೆ ಕಂಡ ಅತ್ಯಂತ ದೊಡ್ಡ ಸಂಗತಿ ಅದು. ಅದನ್ನು ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ತಿದ್ದುಪಡಿ: ಲಕ್ಕವಳ್ಳಿ ಬಸ್ಸಿನ ಕುರಿತ ನನ್ನ ಮೊದಲ ವರದಿಯಲ್ಲಿ ಮೆಕ್ಯಾನಿಕ್ ಕಲ್ಲೇಶಪ್ಪ ಅವರ ಹೇಳಿಕೆಯನ್ನು ಅಪೂರ್ಣವಾಗಿ ಕೊಡಲಾಗಿದೆ. ಎರಡನೆಯ ವರದಿಯಲ್ಲಿ ಹೇಳಿದ ಭಾಗವನ್ನು ಅವರು ಅಳವಡಿಸಿದ್ದು ನಿಜ. ಏಳು ತಿಂಗಳ ಮೊದಲೇ ಅದನ್ನು ತೆಗೆಯಬೇಕೆಂದು ಅವರು ಅದರ ಮೇಲೆಯೇ ಬರೆದಿದ್ದರು. ಎರಡೂ ವಿಷಯ ವರದಿಗಾರನಿಗೆ ಅಂದೇ ಗೊತ್ತಿತ್ತು.

ನಾಳೆ ಬೆಳಿಗ್ಗೆ ಶಿವನಿಗೆ ಹೋಗುತ್ತಿದ್ದೇನೆ. ಇದು ಅಚ್ಚಾಗುವ ಮೊದಲು ಹಾಲೇಶನ ಮುಂದೆ ಕೂತು ನಾನೇ ಹೇಳಬೇಕು. ಕಲ್ಲೇಶಪ್ಪನಿಗೆ ತನ್ನ ವಿಷಯ ತಿಳಿದದ್ದು ಪತ್ರಿಕೆ ನೋಡಿ. ಹಾಲೇಶನಿಗೆ ಹಾಗಾಗಬಾರದು. ಬಟ್ಟಲು ಚೀಲದಲ್ಲಿದೆ. ಮೇಜಿನ ಮೇಲೆ ಮಾನಪತ್ರ ಗಾಳಿಗೆ ಹಾರುತ್ತಿದೆ, ಹಾರಲಿ.